ಮುನಿಸು ಬರುವುದು ಮನೆಯವರ ಮೇಲೆ

ಪ್ರಶ್ನೆ: ನಾನು ದಾವಣಗೆರೆಯವಳು, ವಯಸ್ಸು ಮೂವತ್ತಾರು. ನನ್ನ ಪತಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದರು. ಒಂದೂವರೆ ವರ್ಷದ ಹಿಂದೆ ಅವರ ಎರಡೂ ಕಿಡ್ನಿ ವಿಫಲವಾದವು. ಈಗ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಹೊಲಿಗೆ ಮಾಡಿ ನಾನು ಮನೆ ನಡೆಸುತ್ತಿದ್ದೇನೆ. ಭಾನುವಾರದ ಆರಾಧನೆಯಲ್ಲಿ ಹಾಡು ಎತ್ತಿಕೊಡುತ್ತಿದ್ದವಳು ನಾನೇ. ಈಗ ದೇವರು ಒಳ್ಳೆಯವನು ಎಂಬ ಸಾಲು ಬಂದ ಕೂಡಲೇ ಗಂಟಲು ಕಟ್ಟುತ್ತದೆ. ಪ್ರಾರ್ಥನಾ ಕೂಟದಲ್ಲಿ ಕೆಲವರು ‘ನಿಮ್ಮ ವಿಶ್ವಾಸ ಸಾಲದು, ಮನೆಯಲ್ಲಿ ಏನೋ ಪಾಪವಿದೆ’ ಎನ್ನುತ್ತಾರೆ. ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು ಡಯಾಲಿಸಿಸ್ ಬಿಟ್ಟು ದೇವರನ್ನೇ ಪೂರ್ತಿ ನಂಬಿ ಎಂದರು. ಒಂಬತ್ತು ವರ್ಷದ ಮಗಳು ‘ಯೇಸಪ್ಪ ಅಪ್ಪನನ್ನು ಯಾಕೆ ಗುಣಮಾಡುತ್ತಿಲ್ಲ’ ಎಂದು ಕೇಳುತ್ತಾಳೆ. ನನಗೆ ದೇವರ ಮೇಲೆ ಸಿಟ್ಟು ಬಂದಿದೆ. ನನ್ನ ನಂಬಿಕೆ ಹೋಗಿಬಿಟ್ಟಿತೇ? ಇಂಥ ಹೊತ್ತಿನಲ್ಲಿ ದೇವರು ಒಳ್ಳೆಯವನು ಎಂದು ನಂಬುವುದು ಹೇಗೆ?

ಉತ್ತರ: ತಂಗಿ, ನಿಮ್ಮ ಪತ್ರದ ಒಂದು ಮಾತಿಗೆ ಮಾತ್ರ ಯಾವ ಅಳುಕೂ ಇಲ್ಲದೆ ಉತ್ತರ ಕೊಡಬಲ್ಲೆ. ಅದನ್ನು ಮೊದಲು ಮುಗಿಸಿಬಿಡುತ್ತೇನೆ. ಡಯಾಲಿಸಿಸ್ ನಿಲ್ಲಿಸಬೇಡಿ. ಒಂದು ಸರದಿಯನ್ನೂ ತಪ್ಪಿಸಬೇಡಿ. ಕಿಡ್ನಿ ಕೆಲಸ ಬಿಟ್ಟ ದೇಹದಲ್ಲಿ ನೀರು, ಕಲ್ಮಶ, ಪೊಟ್ಯಾಸಿಯಂ ತುಂಬಿಕೊಳ್ಳುತ್ತವೆ. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯವೇ ನಿಂತುಹೋಗಬಹುದು. ನಂಬಿಕೆಯುಳ್ಳವರ ರಕ್ತಕ್ಕೆ ಬೇರೆ ನಿಯಮವಿಲ್ಲ. ಅರಸ ಹಿಜ್ಕೀಯನು ಹುಣ್ಣಿನಿಂದ ಸಾಯುವ ಸ್ಥಿತಿಗೆ ಬಂದಾಗ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡು ಅತ್ತು ಪ್ರಾರ್ಥಿಸಿದ. ನಿನ್ನ ಆಯುಸ್ಸಿಗೆ ಹದಿನೈದು ವರ್ಷ ಕೂಡಿಸಿದ್ದೇನೆ ಎಂಬ ಉತ್ತರವೂ ಬಂತು. ಆ ಉತ್ತರ ತಂದ ಪ್ರವಾದಿ ಯೆಶಾಯನೇ ಅಂಜೂರದ ಉಂಡೆ ತರಿಸಿ ಹುಣ್ಣಿಗೆ ಹಾಕಿಸಿದ. ದೇವರ ಮಾತೇ ಸಾಕಲ್ಲ, ಈ ಅಂಜೂರದ ಪಟ್ಟು ಏಕೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಪೌಲನು ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ವಿಶ್ವಾಸ ಸಾಲದು ಎಂದು ಬರೆಯಲಿಲ್ಲ. ಅವನ ಜೊತೆಯಲ್ಲಿ ಓಡಾಡಿದ ಲೂಕನು ವೈದ್ಯನಾಗಿದ್ದ. ನಿಮ್ಮ ಯಜಮಾನರ ಪಕ್ಕದಲ್ಲಿ ಗುಂಯ್‌ಗುಡುವ ಯಂತ್ರವನ್ನು ಅಂಜೂರದ ಉಂಡೆ ಎಂದೇ ತಿಳಿಯಿರಿ. ಆ ಬೋಧಕರ ಬಗ್ಗೆ ನನಗೆ ಕೋಪವಿದೆ, ಅದನ್ನು ಮುಚ್ಚಿಡುವುದಿಲ್ಲ. ಅವರು ಸೋಮವಾರದ ಹೊತ್ತಿಗೆ ಬೇರೆ ಊರಿನಲ್ಲಿರುತ್ತಾರೆ. ಮಂಗಳವಾರ ಬೆಳಿಗ್ಗೆ ಕೈಗೆ ಸೂಜಿ ಚುಚ್ಚಿಸಿಕೊಂಡು ನಾಲ್ಕು ಗಂಟೆ ಮಲಗಬೇಕಾದವರು ಬೇರೆಯವರು.

ಇನ್ನು ನಿಮ್ಮ ಸಿಟ್ಟಿನ ವಿಷಯ. ನಮ್ಮ ಭಾಷೆಯಲ್ಲಿ ಸಿಟ್ಟು ಬೇರೆ, ಮುನಿಸು ಬೇರೆ. ಸಂತೆಯಲ್ಲಿ ತೂಕದಲ್ಲಿ ಮೋಸ ಮಾಡಿದವನ ಮೇಲೆ ಸಿಟ್ಟು ಬರುತ್ತದೆ, ಮುನಿಸು ಬರುವುದಿಲ್ಲ. ಮುಂದಿನ ವಾರ ಅವನ ಹತ್ತಿರ ಕೊಳ್ಳದಿದ್ದರೆ ಅಲ್ಲಿಗೆ ಮುಗಿಯಿತು. ಮುನಿಸು ಬರುವುದು ಗಂಡನ ಮೇಲೆ, ಅಕ್ಕನ ಮೇಲೆ, ಹಬ್ಬಕ್ಕೆ ಕರೆಯಲು ಬಾರದ ಅಣ್ಣನ ಮೇಲೆ. ಮುನಿಸಿಕೊಂಡವರು ಊಟ ಬಿಡುತ್ತಾರೆ, ಮಾತು ಬಿಡುತ್ತಾರೆ, ಮನೆ ಬಿಡುವುದಿಲ್ಲ. ಒಳಕೋಣೆಯಲ್ಲಿ ಗೋಡೆ ನೋಡುತ್ತಾ ಕುಳಿತಿದ್ದರೂ ಕಿವಿ ಬಾಗಿಲ ಕಡೆಗೇ ಇರುತ್ತದೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ನನಗೆ ಕಂಡದ್ದು ಮುನಿಸು. ನಂಬಿಕೆ ಹೋದವರಿಗೆ ಹಾಡಿನ ಒಂದು ಸಾಲಿಗೆ ಗಂಟಲು ಕಟ್ಟುವುದಿಲ್ಲ; ಅವರು ಆರಾಮವಾಗಿ ಹಾಡಿಕೊಂಡಿರುತ್ತಾರೆ, ಇಲ್ಲವೇ ಬರುವುದನ್ನೇ ಬಿಟ್ಟಿರುತ್ತಾರೆ. ನಿಮಗೆ ಆ ಸಾಲು ಸುಳ್ಳಾಗಬಾರದು ಎಂಬ ಹಟವಿದೆ. ಅದಕ್ಕೇ ಅದನ್ನು ಸುಮ್ಮನೆ ಬಾಯಿಮಾತಿಗೆ ಹಾಡಲಾರಿರಿ.

ಇದು ನಾನು ನಿಮ್ಮ ಸಮಾಧಾನಕ್ಕೆ ಹೊಸೆದ ಮಾತಲ್ಲ. ಸತ್ಯವೇದದ ಕೀರ್ತನೆಗಳ ಪುಸ್ತಕವನ್ನು ನಾವು ಸ್ತೋತ್ರಗಳ ಪುಸ್ತಕ ಎಂದೇ ತಿಳಿದಿದ್ದೇವೆ. ಅದರ 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಅಳಲು, ದೂರು, ಜಗಳ. ಹದಿಮೂರನೆಯ ಕೀರ್ತನೆ ತೆಗೆಯಿರಿ. ಆರೇ ವಚನ. ಮೊದಲ ಎರಡು ವಚನಗಳಲ್ಲಿ ನಾಲ್ಕು ಸಲ ‘ಎಷ್ಟರವರೆಗೆ’ ಎಂದು ಕೇಳುತ್ತದೆ. ನನ್ನನ್ನು ಮರೆತೇಬಿಟ್ಟೆಯಾ, ಎಷ್ಟರವರೆಗೆ ಮುಖ ಮರೆಮಾಡಿಕೊಂಡಿರುತ್ತೀ ಎಂದು ನೇರವಾಗಿ ದೇವರನ್ನೇ ಹಿಡಿದು ಕೇಳುತ್ತದೆ. ನಲವತ್ತನಾಲ್ಕನೆಯದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎದ್ದೇಳು, ನಿದ್ರೆ ಮಾಡುವುದೇಕೆ ಎನ್ನುತ್ತದೆ. ದೇವರಿಗೆ ನಿದ್ರೆಯೇ ಎಂದು ನಮ್ಮ ಕೂಟದವರು ಗಾಬರಿಯಾದಾರು. ಕನ್ನಡಿಗರಿಗೆ ನಿಂದಾಸ್ತುತಿ ಹೊಸದಲ್ಲ, ದಾಸರು ದೇವರನ್ನು ಬೈದು ಹಾಡಿದ್ದನ್ನು ಕೇಳಿ ಬೆಳೆದವರು ನಾವು. ಆದರೆ ನಿಂದಾಸ್ತುತಿಯಲ್ಲಿ ಬೈಗುಳದ ಒಳಗೊಂದು ನಗೆ ಇರುತ್ತದೆ. ಈ ಕೀರ್ತನೆಗಳಲ್ಲಿ ಆ ನಗೆ ಇಲ್ಲ. ಹದಿಮೂರನೆಯದು ಐದನೆಯ ವಚನಕ್ಕೆ ಬಂದಾಗ ಥಟ್ಟನೆ ತಿರುಗಿ, ನಾನಾದರೋ ನಿನ್ನ ಕೃಪೆಯಲ್ಲಿ ಭರವಸೆಯಿಟ್ಟಿದ್ದೇನೆ ಎನ್ನುತ್ತದೆ. ನಾಲ್ಕು ಮತ್ತು ಐದನೆಯ ವಚನದ ನಡುವೆ ಏನು ನಡೆಯಿತು? ಬರೆದವನು ಹೇಳಿಲ್ಲ. ಪುಟದಲ್ಲಿ ಅದೊಂದು ಬೆರಳಿನಗಲದ ಜಾಗ. ಬಾಳಿನಲ್ಲಿ ಅದು ಎಷ್ಟೋ ವರ್ಷವಿರಬಹುದು. ನೀವು ಆ ಜಾಗದಲ್ಲಿದ್ದೀರಿ.

ಎಂಬತ್ತೆಂಟನೆಯ ಕೀರ್ತನೆಗಂತೂ ಆ ತಿರುವೂ ಇಲ್ಲ. ಅದು ಹಗಲಿರುಳು ಮೊರೆಯಿಡುತ್ತೇನೆ ಎಂದು ಶುರುವಾಗಿ ಕತ್ತಲೆ ಎಂಬ ಮಾತಿನಲ್ಲಿ ನಿಂತುಹೋಗುತ್ತದೆ. ಹೀಬ್ರೂ ಮೂಲದಲ್ಲಿ ಅದರ ಕೊನೆಯ ಪದವೇ ಕತ್ತಲೆ. ನಾನು ತರುಣನಾಗಿದ್ದಾಗ ಇದನ್ನು ಯಾಕೆ ಉಳಿಸಿಕೊಂಡರೋ ಎಂದು ಯೋಚಿಸಿದ್ದುಂಟು. ಹಳೆಯ ಕಾಲದ ಆ ಜನ ಇದನ್ನು ಬರೆದವನನ್ನು ಸಭೆಯಿಂದ ಆಚೆ ಕಳುಹಿಸಲಿಲ್ಲ. ಅವನ ಅಳುವಿಗೆ ರಾಗ ಗೊತ್ತುಮಾಡಿ ದೇವಾಲಯದ ಗಾಯಕರ ಕೈಗೆ ಕೊಟ್ಟರು. ಹಾಡಲಾರದವನ ಮಾತನ್ನೇ ಹಾಡಾಗಿಸಿದ ಸಭೆ ಅದು. ನಮ್ಮ ಸಭೆಗಳು ಅಷ್ಟು ಗಟ್ಟಿಯಾಗಿಲ್ಲ ಎಂಬುದು ನನ್ನ ಬೇಸರ. ನಮ್ಮಲ್ಲಿ ಗುಣವಾದವರಿಗೆ ಮೈಕ್ ಕೊಟ್ಟು ಸಾಕ್ಷಿ ಹೇಳಿಸುತ್ತೇವೆ, ಗುಣವಾಗದವರು ಹಿಂದಿನ ಬೆಂಚಿಗೆ ಸರಿಯುತ್ತಾರೆ. ಪ್ರತಿ ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಜಾತಿ ಧರ್ಮ ನೋಡದೆ ಜನ ಸೇರುತ್ತಾರೆ. ನಾನು ಪ್ರಾಟೆಸ್ಟೆಂಟ್ ಸಭೆಯವನು, ನಮ್ಮಲ್ಲಿ ಆ ಪದ್ಧತಿ ಇಲ್ಲ. ಆದರೂ ಹೋಗಿ ನೋಡಿದ್ದೇನೆ. ಅಲ್ಲಿ ನನ್ನನ್ನು ತಡೆದು ನಿಲ್ಲಿಸಿದವರು ಗುಣವಾಗಿ ಬಂದವರಲ್ಲ. ಹೋದ ವರ್ಷವೂ ಗುಣವಾಗದೆ, ಈ ವರ್ಷವೂ ಅದೇ ಮಗುವನ್ನು ಅದೇ ಹೆಗಲ ಮೇಲೆ ಹೊತ್ತು ಬಂದವರು.

ಮನೆಯಲ್ಲಿ ಪಾಪವಿದೆ ಎಂದವರ ಮಾತಿಗೆ ಹೆಚ್ಚು ಹೊತ್ತು ಕೊಡಲು ನನಗೆ ಮನಸ್ಸಿಲ್ಲ. ‘ಮಾಡಿದ್ದುಣ್ಣೋ ಮಹರಾಯ’ ಎಂದು ನಮ್ಮಲ್ಲೊಂದು ಗಾದೆಯಿದೆ. ಸಭೆಗೆ ಸೇರಿದ ಮೇಲೆ ನಾವು ಆ ಗಾದೆ ಬಿಟ್ಟೆವು, ಅದರ ಲೆಕ್ಕವನ್ನು ಮಾತ್ರ ಜೊತೆಗೇ ತಂದುಕೊಂಡೆವು. ಹುಟ್ಟುಕುರುಡನನ್ನು ತೋರಿಸಿ ಯಾರು ಮಾಡಿದ ಪಾಪದಿಂದ ಹೀಗಾಯಿತು, ಇವನದೋ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ತಳ್ಳಿಹಾಕಿದ. ಸಿಲೊವಾಮಿನ ಗೋಪುರ ಬಿದ್ದು ಹದಿನೆಂಟು ಜನ ಸತ್ತಾಗ ಅವರೇನು ಊರಿನ ಉಳಿದವರಿಗಿಂತ ದೊಡ್ಡ ಪಾಪಿಗಳೆಂದುಕೊಂಡಿರಾ ಎಂದು ತಿರುಗಿ ಕೇಳಿದ. ತಪ್ಪಿಲ್ಲದೆ ಎಲ್ಲವನ್ನೂ ಕಳೆದುಕೊಂಡ ಯೋಬನ ಪುಸ್ತಕದ ನಲವತ್ತೆರಡು ಅಧ್ಯಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಈ ಲೆಕ್ಕದ ಜಗಳವೇ. ಕೊನೆಗೆ ದೇವರು ಕೋಪಿಸಿಕೊಂಡದ್ದು ತನ್ನ ಮೇಲೆ ಕೂಗಾಡಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಕಾಲತ್ತು ಮಾಡಿದ ಮೂವರು ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ಯೋಬನು ಸರಿಯಾಗಿ ಮಾತಾಡಿದ, ನೀವು ಮಾತಾಡಲಿಲ್ಲ ಎಂದ. ಕೂಟದಲ್ಲಿ ಮತ್ತೆ ಆ ಮಾತು ಬಂದರೆ ಯೋಬ 42:7 ಓದಿ ಎಂದು ಹೇಳಿ ಎದ್ದು ಬನ್ನಿ.

ಆ ಮೂವರು ಗೆಳೆಯರು ಒಂದು ಕೆಲಸ ಸರಿಯಾಗಿ ಮಾಡಿದ್ದರು, ಅದನ್ನೂ ಹೇಳಬೇಕು. ಬಂದ ಮೊದಲ ಏಳು ದಿನ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ನನ್ನ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡ ವರ್ಷ ನಮ್ಮ ಸಭೆಯ ಹಿರಿಯರೊಬ್ಬರು ಸಂಜೆ ಸಂಜೆ ಬರುತ್ತಿದ್ದರು. ದಾವಣಗೆರೆಯ ಮುಚ್ಚಿಹೋದ ಹತ್ತಿ ಗಿರಣಿಯೊಂದರಲ್ಲಿ ದುಡಿದವರು. ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಂದು ಇಬ್ಬರ ನಡುವೆ ಇಡುವರು. ಮಾತು ಬಂದರೆ ಗಿರಣಿಯ ಮಾತು: ಯಾವ ಯಂತ್ರದ ಸದ್ದು ಎಷ್ಟು, ರಾತ್ರಿ ಪಾಳಿಯಲ್ಲಿ ನೂಲು ಹೇಗೆ ಕಿತ್ತುಹೋಗುತ್ತಿತ್ತು, ಹರಿದದ್ದನ್ನು ಎರಡು ಬೆರಳಲ್ಲಿ ಹೇಗೆ ಹೊಸೆದು ಸೇರಿಸುವುದು. ದೇವರ ಹೆಸರನ್ನು ಒಂದು ಸಲವೂ ಎತ್ತಲಿಲ್ಲ. ನಾನು ಭಾನುವಾರ ಪೀಠದ ಮೇಲೆ ನಿಂತು ಪುನರುತ್ಥಾನದ ಬಗ್ಗೆ ಪ್ರಸಂಗ ಮಾಡುತ್ತಿದ್ದೆ, ನನ್ನ ಕಿವಿಗೇ ಅದು ಬೇರೆ ಯಾರದೋ ಧ್ವನಿಯಂತೆ ಕೇಳುತ್ತಿತ್ತು. ಮುಂದಿನ ಭಾನುವಾರದವರೆಗೆ ನನ್ನನ್ನು ದಾಟಿಸಿದ್ದು ಆ ಮಂಡಕ್ಕಿ.

ಈಗ ನಿಮ್ಮ ದೊಡ್ಡ ಪ್ರಶ್ನೆ. ದೇವರು ಒಳ್ಳೆಯವನು ಎನ್ನುವುದಕ್ಕೂ ನಡೆದದ್ದೆಲ್ಲ ಒಳ್ಳೆಯದೇ ಎನ್ನುವುದಕ್ಕೂ ಬಹಳ ಅಂತರವಿದೆ. ನಮ್ಮ ಹಾಡುಗಳಲ್ಲಿ, ಪ್ರಸಂಗಗಳಲ್ಲಿ ಇವೆರಡೂ ಕಲೆತುಹೋಗಿವೆ. ಕಿಡ್ನಿ ಕೆಟ್ಟದ್ದು ಒಳ್ಳೆಯದಲ್ಲ. ಅದನ್ನು ಒಳ್ಳೆಯದೆಂದು ಹೇಳುವುದು ನಂಬಿಕೆಯೂ ಅಲ್ಲ. ಲಾಜರನ ಸಮಾಧಿಯ ಮುಂದೆ ಯೇಸು ನಿಂತಾಗ ಇನ್ನು ಕೆಲವೇ ಕ್ಷಣಗಳಲ್ಲಿ ಅವನನ್ನು ಎಬ್ಬಿಸುತ್ತೇನೆಂದು ಆತನಿಗೆ ಗೊತ್ತಿತ್ತು. ಆದರೂ ಅತ್ತ. ಅಳುವ ಮೊದಲು ಆತ್ಮದಲ್ಲಿ ತಳಮಳಗೊಂಡ ಎಂದು ಯೋಹಾನ ಬರೆಯುತ್ತಾನೆ. ಆ ಗ್ರೀಕ್ ಪದದಲ್ಲಿ ದುಃಖದ ಜೊತೆಗೆ ಕೋಪವೂ ಸೇರಿದೆ. ಸಾವಿನ ಮೇಲಿನ ಕೋಪ. ಪೌಲನು ಸಾವನ್ನು ಕೊನೆಯ ಶತ್ರು ಎಂದು ಕರೆದ, ನೆಂಟ ಎಂದು ಕರೆಯಲಿಲ್ಲ. ಶತ್ರುವನ್ನು ಶತ್ರು ಎನ್ನುವ ಹಕ್ಕು ನಿಮಗೂ ಇದೆ.

ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯವನ್ನು ಯಾರಾದರೂ ನಿಮಗೆ ಈಗಾಗಲೇ ಓದಿ ಹೇಳಿರುತ್ತಾರೆ, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ಎಂಬ ಇಪ್ಪತ್ತೆಂಟನೆಯ ವಚನವನ್ನು. ಅದಕ್ಕೆ ಮುಂಚಿನ ವಚನಗಳಲ್ಲಿ ಇಡೀ ಸೃಷ್ಟಿ ಹೆರಿಗೆಯ ನೋವಿನಲ್ಲಿ ನರಳುತ್ತಿದೆ, ನಾವೂ ನರಳುತ್ತಿದ್ದೇವೆ, ಹೇಗೆ ಪ್ರಾರ್ಥಿಸಬೇಕೋ ತಿಳಿಯದ ನಮ್ಮ ಪರವಾಗಿ ಆತ್ಮನೂ ಮಾತಿಗೆ ಸಿಗದ ನರಳಾಟದಿಂದ ಬೇಡುತ್ತಾನೆ. ಮೂರು ನರಳಾಟ ದಾಟಿ ಬಂದ ವಚನ ಅದು. ಮುಂದಿನ ವಚನವೇ ಆ ಹಿತವೆಂದರೆ ಏನೆಂದು ಹೇಳುತ್ತದೆ: ಮಗನ ಹೋಲಿಕೆಗೆ ಬರುವುದು. ಸಾಲ ತೀರುವುದು, ಕೆಲಸ ಸಿಗುವುದು, ಕಿಡ್ನಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಇಳಿಯುವುದು ಆ ಮಾತಿನಲ್ಲಿ ಇಲ್ಲ. ಇವನ್ನು ಬೇಡಬಾರದು ಎಂದಲ್ಲ, ಬೇಡಿ, ನಾನೂ ಬೇಡುತ್ತೇನೆ. ಆದರೆ ಆ ವಚನವನ್ನು ರಸೀದಿಯಂತೆ ಹಿಡಿದುಕೊಂಡು ಕೂತರೆ ಕೈ ಬರಿದಾಗುತ್ತದೆ.

ಹಾಗಾದರೆ ಒಳ್ಳೆಯತನ ಎಲ್ಲಿದೆ? ನನ್ನದೇ ಒಂದು ತಪ್ಪಿನ ಕಥೆ ಹೇಳಬೇಕು. 1987ರಲ್ಲಿ ದೇಶಕ್ಕೇ ಬರ ಬಂದಿತ್ತು. ನಾನು ಆಗಷ್ಟೇ ದೀಕ್ಷೆ ಪಡೆದ ಸಭಾಪಾಲಕ. ಚಳ್ಳಕೆರೆ ಕಡೆಯ ಒಂದು ಸಣ್ಣ ಸಭೆಗೆ ಕಳುಹಿಸಿದ್ದರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಅದೊಂದು, ಅದರ ಮೇಲೆ ಆ ವರ್ಷ. ಸುಗ್ಗಿಯ ಸ್ತೋತ್ರಾರಾಧನೆಗೆ ಜನ ಎಂದಿನಂತೆ ತಮ್ಮ ತಮ್ಮ ಬೆಳೆ ತಂದು ಪೀಠದ ಮುಂದೆ ಇಡಬೇಕು, ಆರಾಧನೆ ಮುಗಿದ ಮೇಲೆ ಹರಾಜು. ಬಾವಿಯಿದ್ದ ಒಬ್ಬರು ಕುಂಬಳಕಾಯಿ ತಂದರು. ಕೆಲವರು ಅಂಗಡಿಯಿಂದ ಅಕ್ಕಿ, ಬೆಲ್ಲ ಕೊಂಡು ತಂದರು. ಒಬ್ಬ ಮುದುಕ ಒಂದು ಹಿಡಿ ಶೇಂಗಾ ಬಳ್ಳಿ ತಂದಿಟ್ಟ. ಬೇರಿನಲ್ಲಿ ಕಾಯಿಗಳೇನೋ ಇದ್ದವು, ಎಲ್ಲವೂ ಜೊಳ್ಳು. ಒತ್ತಿದರೆ ಟಪ್ಪೆಂದು ಒಡೆಯುತ್ತಿದ್ದವು, ಒಳಗೆ ಏನೂ ಇಲ್ಲ. ನಾನು ಸಮೃದ್ಧಿಯ ಬಗ್ಗೆ ಪ್ರಸಂಗ ಬರೆದುಕೊಂಡು ಬಂದಿದ್ದೆ. ಆ ಬಳ್ಳಿ ಕಣ್ಣಿಗೆ ಬೀಳದಿರಲಿ ಎಂದು ಕುಂಬಳಕಾಯಿಯ ಹಿಂದಕ್ಕೆ ಸರಿಸಿದೆ. ಹರಾಜಿನ ಹೊತ್ತಿನಲ್ಲಿ ಕೂಗುವವರೂ ಅದನ್ನು ಬಿಟ್ಟು ಮುಂದೆ ಹೋದರು. ಮುದುಕ ಎದ್ದು ನಿಂತು ‘ಅಯ್ಯನವರೇ, ಅದನ್ನೂ ಕೂಗಿಸಿ’ ಎಂದ. ಕೂಗಿದರು. ಯಾರೂ ಸವಾಲು ಹಾಕಲಿಲ್ಲ. ಕೊನೆಗೆ ಅವನೇ ಐದು ರೂಪಾಯಿ ಕೊಟ್ಟು ತನ್ನ ಬಳ್ಳಿಯನ್ನು ತಾನೇ ಕೊಂಡು ಕಂಕುಳಲ್ಲಿ ಇಟ್ಟುಕೊಂಡ. ‘ಎತ್ತಿಗಾದರೂ ಆಗುತ್ತದೆ’ ಎಂದು ಹೊರಟ.

ಎಷ್ಟೋ ವರ್ಷ ಕಳೆದ ಮೇಲೆ ಹಬಕ್ಕೂಕನ ಪುಸ್ತಕದ ಮೇಲೆ ಪಾಠ ಮಾಡುವಾಗ ಆ ಮುದುಕ ನೆನಪಾದ. ಮೂರೇ ಅಧ್ಯಾಯದ ಪುಸ್ತಕ. ನಾನು ಮೊರೆಯಿಟ್ಟರೂ ಎಷ್ಟರವರೆಗೆ ಕೇಳದೆ ಇರುತ್ತೀ ಎಂಬ ಜಗಳದಿಂದಲೇ ಶುರು. ಕೊನೆಯಲ್ಲಿ ಒಂದು ಪಟ್ಟಿ: ಅಂಜೂರ ಚಿಗುರದಿದ್ದರೂ, ದ್ರಾಕ್ಷಿಬಳ್ಳಿಯಲ್ಲಿ ಹಣ್ಣಿಲ್ಲದಿದ್ದರೂ, ಎಣ್ಣೆಮರ ಕೈಕೊಟ್ಟರೂ, ಹೊಲಗಳು ಬೆಳೆ ಕೊಡದಿದ್ದರೂ, ರೊಪ್ಪದಲ್ಲಿ ಕುರಿಗಳಿಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ, ನಾನು ಕರ್ತನಲ್ಲಿ ಸಂತೋಷಿಸುತ್ತೇನೆ. ನಾವು ಕೊನೆಯ ಮಾತಿಗೆ ಧಾವಿಸುತ್ತೇವೆ. ಹಬಕ್ಕೂಕನು ಧಾವಿಸಲಿಲ್ಲ. ಒಂದೊಂದಾಗಿ ಆರು ಬಗೆಯ ನಷ್ಟವನ್ನು ಹೆಸರು ಹಿಡಿದು ಎಣಿಸಿದ. ಮುದುಕ ಮಾಡಿದ್ದೂ ಅದೇ. ಆ ವರ್ಷ ಹೇಗಿತ್ತೋ ಹಾಗೇ ತಂದು ದೇವರ ಮುಂದೆ ಇಟ್ಟ. ಮುಚ್ಚಿಟ್ಟವನು ನಾನು. ನಿಮ್ಮ ಭಾನುವಾರದ ಮೌನವೂ ಆ ಬಳ್ಳಿಯ ಹಾಗೆಯೇ ಕಾಣುತ್ತದೆ ನನಗೆ. ಅದನ್ನು ಕುಂಬಳಕಾಯಿಯ ಹಿಂದೆ ಸರಿಸಲು ಯಾರಿಗೂ ಬಿಡಬೇಡಿ.

ಚಳ್ಳಕೆರೆಯನ್ನು ಜನ ಎಣ್ಣೆ ನಗರಿ ಎನ್ನುತ್ತಾರೆ. ಅಲ್ಲಿದ್ದಾಗ ಎಣ್ಣೆ ಮಿಲ್ಲುಗಳ ಮುಂದೆ ಹಾದುಹೋಗುತ್ತಿದ್ದವನಿಗೆ ಗೆತ್ಸೆಮನೆ ಎಂದರೆ ಎಣ್ಣೆಯ ಗಾಣ ಎಂಬ ಅರ್ಥ ಪುಸ್ತಕದಿಂದ ಆಚೆ ಬಂದು ಮೂಗಿಗೆ ಬಡಿಯಿತು. ಕಾಳನ್ನು ಹಿಂಡಿ, ಹಿಂಡಿ ಮತ್ತೆ ಹಿಂಡುವ ಜಾಗ. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಆ ಹೆಸರಿನ ತೋಟದಲ್ಲಿ ಬೋರಲು ಬಿದ್ದು, ಸಾಧ್ಯವಾದರೆ ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿದ. ಮತ್ತಾಯನು ಎಣಿಸಿದಂತೆ ಮೂರು ಸಲ ಬೇಡಿದ. ಪಾತ್ರೆ ತೊಲಗಲಿಲ್ಲ. ಶಿಷ್ಯರು ನಿದ್ದೆಹೋಗಿದ್ದರು. ಮರುದಿನ ಶಿಲುಬೆಯ ಮೇಲೆ ಆತನ ಬಾಯಿಗೆ ಬಂದದ್ದು ಇಪ್ಪತ್ತೆರಡನೆಯ ಕೀರ್ತನೆಯ ದೂರಿನ ಮೊದಲ ಸಾಲು: ನನ್ನ ದೇವರೇ, ನನ್ನ ದೇವರೇ, ಯಾಕೆ ಕೈಬಿಟ್ಟೆ? ನಿಮ್ಮ ವಿಶ್ವಾಸ ಸಾಲದ್ದರಿಂದ ಪ್ರಾರ್ಥನೆ ನೆರವೇರಲಿಲ್ಲ ಎಂದವರು ಈ ರಾತ್ರಿಗೆ ಏನು ಹೇಳುತ್ತಾರೆ? ಮಗನ ವಿಶ್ವಾಸವೂ ಸಾಲದಾಗಿತ್ತೇ?

ಕ್ರೈಸ್ತರಾದ ನಾವು ದೇವರು ಒಳ್ಳೆಯವನು ಎನ್ನುವುದಕ್ಕೆ ನನಗೆ ತಿಳಿದ ಆಧಾರ ಇದೊಂದೇ, ತಂಗಿ. ಆಕಾಶ ನೋಡಿ, ಮಳೆ ಬೆಳೆ ನೋಡಿ ಹೇಳಿದರೆ 1987ರಲ್ಲಿ ಆ ಮಾತು ಸುಳ್ಳಾಗುತ್ತದೆ. ನೋವಿಗೆ ಕಾರಣವನ್ನು ದೇವರು ಯೋಬನಿಗೂ ತಿಳಿಸಲಿಲ್ಲ, ನಿಮಗೂ ತಿಳಿಸಿಲ್ಲ, ನನ್ನ ಹೆಂಡತಿಯ ವಿಷಯದಲ್ಲಿ ನನಗೂ ತಿಳಿಸಿಲ್ಲ. ತಾನೇ ಬಂದು ಗಾಣಕ್ಕೆ ಬಿದ್ದ. ಆ ಗಾಣದಿಂದ ಮೂರನೆಯ ದಿನ ಎದ್ದ ಎಂದು ನಾವು ನಂಬುತ್ತೇವೆ. ಎದ್ದ ಮೇಲೂ ಕೈಯ ಗಾಯ ಮಾಯವಾಗಿರಲಿಲ್ಲ, ತೋಮನಿಗೆ ಅದನ್ನೇ ತೋರಿಸಿದ. ನಿಮ್ಮ ಯಜಮಾನರ ಕೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ಜಾಗ ಇರುತ್ತದಲ್ಲ, ಅದನ್ನು ನೋಡುವಾಗ ನನಗೆ ತೋಮನ ನೆನಪಾಗುತ್ತದೆ. ಇದು ಉತ್ತರವಲ್ಲ. ಉತ್ತರವಿಲ್ಲದ ಹೊತ್ತಿನಲ್ಲಿ ಯಾರ ಜೊತೆ ಕೂರಬಹುದು ಎಂಬುದನ್ನಷ್ಟೇ ಇದು ಹೇಳುತ್ತದೆ.

ಕಾಯುವುದರ ಬಗ್ಗೆ ನಮ್ಮ ಕಡೆ ಈಚೆಗೆ ಒಂದು ದೃಷ್ಟಾಂತ ಬಹಳ ಓಡಾಡುತ್ತಿದೆ. ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಮಾರಿಕಣಿವೆ, 1907ರಲ್ಲಿ ಕಟ್ಟಿ ಮುಗಿದದ್ದು. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಕ್ಕೆ. ಬುತ್ತಿ ಕಟ್ಟಿಕೊಂಡು ನೋಡಲು ಹೋದವರಲ್ಲಿ ನಾನೂ ಒಬ್ಬ. ಅದಾದ ಮೇಲೆ ಎಷ್ಟೋ ಪ್ರಸಂಗಗಳಲ್ಲಿ ಕೇಳಿದೆ: ಕಾಯಿರಿ, ದೇವರ ಕೃಪೆಯೂ ಹೀಗೆಯೇ ಕೋಡಿ ಬೀಳುತ್ತದೆ. ನನಗೆ ಇದು ಸರಿಬರುವುದಿಲ್ಲ. ನಡುವೆ ಹುಟ್ಟಿ ನಡುವೆಯೇ ಸತ್ತ ಎರಡು ತಲೆಮಾರು ಕೋಡಿಯನ್ನು ನೋಡಲೇ ಇಲ್ಲ. ಅವರಿಗೆ ಏನು ಹೇಳೋಣ? ಆದರೆ ಅದೇ ಕೆರೆಗೆ ಇನ್ನೊಂದು ಮಗ್ಗುಲಿದೆ. ಕೋಡಿ ಬೀಳದ ಆ ವರ್ಷಗಳಲ್ಲೇ ಹಿರಿಯೂರಿನ ತೋಟಗಳು ಅದರ ನೀರಿನಿಂದ ಉಸಿರು ಹಿಡಿದವು, ಚಿತ್ರದುರ್ಗದ ಮನೆಗಳ ನಲ್ಲಿಗೆ ಅದರ ನೀರು ಬಂತು. ನಲ್ಲಿಯ ನೀರು ನೋಡಲು ಯಾರೂ ಬುತ್ತಿ ಕಟ್ಟಿಕೊಂಡು ಹೋಗುವುದಿಲ್ಲ. ಪ್ರಲಾಪಗಳ ಪುಸ್ತಕದಲ್ಲಿ ದೇವರ ಕರುಣೆ ದಿನದಿನ ಬೆಳಿಗ್ಗೆ ಹೊಸದಾಗುತ್ತದೆ ಎಂಬ ಪ್ರಸಿದ್ಧ ಮಾತಿದೆ. ಅದು ಪುಸ್ತಕದ ಕೊನೆಯಲ್ಲಿಲ್ಲ, ಹೆಚ್ಚುಕಡಿಮೆ ನಟ್ಟನಡುವೆ ಇದೆ. ಅದನ್ನು ಹೇಳಿದ ಮೇಲೂ ಕವಿ ಸುಟ್ಟ ಯೆರೂಸಲೇಮಿಗಾಗಿ ಅಳುತ್ತಾನೆ, ಪುಸ್ತಕ ಅಳುವಿನಲ್ಲೇ ಮುಗಿಯುತ್ತದೆ. ಬೆಳಗಿನ ಕರುಣೆ ಬೆಳಿಗ್ಗೆಗೆ ಸಾಕಾಗುವಷ್ಟು, ನಲ್ಲಿಯ ಅಳತೆ. ನಮ್ಮ ನಲ್ಲಿಗೆ ದಿನವೂ ನೀರು ಬರುವುದಿಲ್ಲ ಎನ್ನುತ್ತೀರೇನೋ. ಹೋಲಿಕೆಗಳೆಲ್ಲ ಎಲ್ಲೋ ಒಂದು ಕಡೆ ಕುಂಟುತ್ತವೆ.

ಇಷ್ಟು ಮಾತಾಡಿ ನಿಮ್ಮ ಹೊಟ್ಟೆಗೆ, ನಿದ್ದೆಗೆ ಬಾರದಿದ್ದರೆ ಪ್ರಯೋಜನವಿಲ್ಲ. ಎಲೀಯನು ಸಾಕಪ್ಪಾ ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಗಿಡದ ಕೆಳಗೆ ಮಲಗಿದಾಗ ದೇವದೂತನು ಬುದ್ಧಿ ಹೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಮತ್ತೆ ನಿದ್ದೆ. ಮತ್ತೆ ರೊಟ್ಟಿ. ದೇವರ ಮಾತು ಬಂದದ್ದು ಅದಾದ ಎಷ್ಟೋ ದಿನದ ಮೇಲೆ. ಆದ್ದರಿಂದ ‘ನಿಮಗಾಗಿ ಪ್ರಾರ್ಥಿಸುತ್ತೇವೆ’ ಎನ್ನುವವರಿಗೆ ಸಂಕೋಚವಿಲ್ಲದೆ ಒಂದು ದಿನ ಹಂಚಿಕೊಡಿ. ಒಬ್ಬರು ಗುರುವಾರ ಆಸ್ಪತ್ರೆಯಲ್ಲಿ ಜೊತೆಗಿರಲಿ, ಒಬ್ಬರು ಮಂಗಳವಾರ ಮಗಳನ್ನು ಶಾಲೆಯಿಂದ ಕರೆತಂದು ಊಟ ಹಾಕಲಿ. ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ. ನೀವು ಹಣ ಕೊಟ್ಟು ಮಾಡಿಸುತ್ತಿದ್ದರೆ ಸಭೆಯ ಯಾರಾದರೂ ಓದುಬರಹ ಬಲ್ಲವರು ಅರ್ಜಿಗಾಗಿ ಓಡಾಡಲಿ. ರಾತ್ರಿ ನಿದ್ದೆ ಪೂರ್ತಿ ಬಿಟ್ಟಿದ್ದರೆ, ಬದುಕು ಬೇಡವೆಂಬ ಯೋಚನೆ ಬರುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ಹಣವಿಲ್ಲ. ಅದೂ ಅಂಜೂರದ ಉಂಡೆಯೇ.

ಹಾಡಿನ ವಿಷಯಕ್ಕೆ ಬಂದರೆ, ಕಪೆರ್ನೌಮಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ಹೊತ್ತು ತಂದು ಮಾಳಿಗೆ ಬಿಚ್ಚಿ ಕೆಳಗಿಳಿಸಿದರು. ಯೇಸು ‘ಅವರ ನಂಬಿಕೆಯನ್ನು’ ನೋಡಿದ ಎಂದು ಮಾರ್ಕನು ಬರೆದಿದ್ದಾನೆ. ಹಾಸಿಗೆಯ ಮೇಲಿದ್ದವನ ಬಾಯಿಂದ ಒಂದು ಮಾತೂ ಬಂದಿಲ್ಲ. ಇಷ್ಟು ವರ್ಷ ಹಾಡು ಎತ್ತಿಕೊಟ್ಟಿರಿ, ಸಭೆ ನಿಮ್ಮ ಧ್ವನಿಯ ಮೇಲೆ ಹಾಡಿತು. ಈಗ ಕೆಲವು ಕಾಲ ಸಭೆ ಹಾಡಲಿ, ನೀವು ಹಾಸಿಗೆಯ ಮೇಲೆ ಮಲಗಿರಿ. ಆ ಸಾಲು ಬಂದಾಗ ಬಾಯಿ ತೆರೆಯದಿದ್ದರೆ ತೆರೆಯಬೇಡಿ. ಮನೆಗೆ ಬಂದು ಹದಿಮೂರನೆಯ ಕೀರ್ತನೆಯ ಮೊದಲ ಎರಡು ವಚನಗಳನ್ನು ಗಟ್ಟಿಯಾಗಿ ಓದಿ. ಐದನೆಯ ವಚನ ಬಾಯಿಗೆ ಬಂದ ದಿನ ಅದನ್ನೂ ಓದಿದರಾಯಿತು.

ಮಗಳಿಗೆ ‘ಗೊತ್ತಿಲ್ಲ ಮಗಳೇ, ನಾನೂ ಯೇಸಪ್ಪನನ್ನು ಅದನ್ನೇ ಕೇಳುತ್ತಿದ್ದೇನೆ’ ಎಂದು ಹೇಳಿ. ನೀನು ಚೆನ್ನಾಗಿ ಪ್ರಾರ್ಥಿಸಿದರೆ ಅಪ್ಪ ಗುಣವಾಗುತ್ತಾನೆ ಎಂದು ಮಾತ್ರ ಯಾರೂ ಅವಳಿಗೆ ಹೇಳಕೂಡದು, ಅಜ್ಜಿಯೂ ಹೇಳಕೂಡದು, ಭಾನುವಾರ ಶಾಲೆಯ ಟೀಚರೂ ಹೇಳಕೂಡದು. ನಾಳೆ ಏನಾದರೂ ಆದರೆ ಒಂಬತ್ತು ವರ್ಷದ ಮಗು ಅದು ತನ್ನಿಂದಲೇ ಆದದ್ದೆಂದು ಒಳಗೊಳಗೇ ಹೊತ್ತುಕೊಳ್ಳುತ್ತದೆ, ಯಾರಿಗೂ ಹೇಳುವುದಿಲ್ಲ. ಅವಳ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆಸಿ ಸತ್ಯವೇದದಲ್ಲಿ, ಆ ಹದಿಮೂರನೆಯ ಕೀರ್ತನೆಯ ಪುಟದಲ್ಲೇ ಇಡಿಸಿ.

ಶನಿವಾರದ ಸರದಿಗೆ ಜೊತೆಯಲ್ಲಿ ಕೂರಲು ಯಾರೂ ಸಿಗದಿದ್ದರೆ ಇನ್ನೊಂದು ಪತ್ರ ಹಾಕಿ. ನಿವೃತ್ತನಾದ ಮೇಲೆ ನನಗೆ ಶನಿವಾರ ಬಿಡುವಿದೆ. ನಿಮ್ಮ ಯಜಮಾನರಿಗೆ ಮಂಡಕ್ಕಿ ಎಷ್ಟು ತಿನ್ನಬಹುದೆಂದು ಡಾಕ್ಟರನ್ನು ಕೇಳಿಯೇ ತರುತ್ತೇನೆ. ಭಟ್ಟಿಯ ಕೆಲಸದ ಬಗ್ಗೆ ಅವರು ಹೇಳಲಿ, ನಾನು ಕೇಳುತ್ತೇನೆ. ಪ್ರಸಂಗ ಮಾಡುವುದಿಲ್ಲ.